ಸಬ್‌ಕ್ವೆರಿ ಒಳಗೆ ಇಲ್ಲದ ಕಾಲಮ್ ಬರೆದರೂ ಎರರ್ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮ ಡೇಟಾಬೇಸ್‌ನಲ್ಲಿ ‘ಗ್ರಾಹಕ’ ಅಂತ ಒಂದು ಟೇಬಲ್ ಇದೆ, ‘ಮುಚ್ಚಿದ_ಖಾತೆ’ ಅಂತ ಇನ್ನೊಂದು. ಖಾತೆ ಮುಚ್ಚಿದವರನ್ನು ಮಾತ್ರ ಗ್ರಾಹಕ ಟೇಬಲ್‌ನಿಂದ ತೆಗೆಯೋಣ ಅಂತ ಈ ಕ್ವೆರಿ ಓಡಿಸಿದೆ:

ಡಿಲೀಟ್ ಫ್ರಮ್ ಗ್ರಾಹಕ
ವೇರ್ ಗ್ರಾಹಕ_ಐಡಿ ಇನ್ (ಸೆಲೆಕ್ಟ್ ಗ್ರಾಹಕ_ಐಡಿ ಫ್ರಮ್ ಮುಚ್ಚಿದ_ಖಾತೆ);

ಗ್ರಾಹಕ ಟೇಬಲ್ ಪೂರ್ತಿ ಖಾಲಿಯಾಯಿತು. ಆಮೇಲೆ ನೋಡಿದರೆ ಮುಚ್ಚಿದ_ಖಾತೆಯಲ್ಲಿ ಗ್ರಾಹಕ_ಐಡಿ ಅನ್ನುವ ಕಾಲಮ್ಮೇ ಇಲ್ಲ. ಅಲ್ಲಿ ಅದರ ಹೆಸರು ‘ಖಾತೆದಾರ_ಐಡಿ’. ಬ್ರಾಕೆಟ್ ಒಳಗಿನ ಸೆಲೆಕ್ಟ್ ಅನ್ನು ಅದಷ್ಟನ್ನೇ ಓಡಿಸಿದರೆ ‘ಇಂಥ ಕಾಲಮ್ ಇಲ್ಲ’ ಅಂತ ಎರರ್ ಬರುತ್ತದೆ. ಹಾಗಿದ್ದರೆ ಪೂರ್ತಿ ಕ್ವೆರಿಗೆ ಯಾಕೆ ಎರರ್ ಬರಲಿಲ್ಲ? ಇದು ಡೇಟಾಬೇಸ್‌ನ ಬಗ್ ಅಲ್ವಾ?

ಉತ್ತರ: ಬಗ್ ಅಲ್ಲ. ಒರಾಕಲ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಎಲೈಟ್, ಎಲ್ಲಿ ಓಡಿಸಿದರೂ ನಿಮ್ಮ ಕ್ವೆರಿ ಇದೇ ಕೆಲಸ ಮಾಡುತ್ತದೆ. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಹೇಳುವುದೇ ಹೀಗೆ. ಮೈಕ್ರೋಸಾಫ್ಟ್ ತನ್ನ ಎಸ್‌ಕ್ಯೂಎಲ್ ಸರ್ವರ್ ಕೈಪಿಡಿಯಲ್ಲಿ ಇದನ್ನೇ ಎಚ್ಚರಿಕೆಯಾಗಿ ಬರೆದಿಟ್ಟಿದೆ: ಸಬ್‌ಕ್ವೆರಿಯ (ಬ್ರಾಕೆಟ್ ಒಳಗಿನ ಸೆಲೆಕ್ಟ್‌ನ) ಟೇಬಲ್‌ನಲ್ಲಿ ಇಲ್ಲದ ಕಾಲಮ್ ಹೊರಗಿನ ಟೇಬಲ್‌ನಲ್ಲಿ ಇದ್ದರೆ, ಕ್ವೆರಿ ಎರರ್ ಇಲ್ಲದೆ ಓಡುತ್ತದೆ.

ಮೊದಲು ತುರ್ತಿನ ಮಾತು. ನೀವು ಇನ್ನೂ ಕಮಿಟ್ ಮಾಡಿಲ್ಲ (ಬದಲಾವಣೆಯನ್ನು ಖಾಯಂ ಮಾಡಿಲ್ಲ) ಅಂತಾದರೆ ಈಗಲೇ ರೋಲ್‌ಬ್ಯಾಕ್ ಮಾಡಿ (ಬದಲಾವಣೆ ರದ್ದು ಮಾಡಿ), ಉಳಿದದ್ದನ್ನು ಆಮೇಲೆ ಓದಿ. ಕಮಿಟ್ ಆಗಿಹೋಗಿದ್ದು ನಿಮ್ಮದು ಒರಾಕಲ್ ಆಗಿದ್ದರೆ ‘ಆ್ಯಸ್ ಆಫ್ ಟೈಮ್‌ಸ್ಟ್ಯಾಂಪ್’ ಹಾಕಿ ಡಿಲೀಟ್‌ಗಿಂತ ಮುಂಚಿನ ಸಾಲುಗಳನ್ನು ಓದಲು ನೋಡಿ. ಅನ್‌ಡೂ ಮಾಹಿತಿ (ಬದಲಾವಣೆಗೆ ಮುಂಚಿನ ಡೇಟಾದ ದಾಖಲೆ) ಅಳಿಸಿಹೋಗಿರದಿದ್ದರೆ ಎಲ್ಲವೂ ಸಿಗುತ್ತದೆ. ಹಾಗಾಗಿ ತಡ ಮಾಡಬೇಡಿ. ಬೇರೆ ಕಡೆ ಬ್ಯಾಕಪ್ಪೇ ಗತಿ. ಪೋಸ್ಟ್‌ಗ್ರೆಸ್‌ನಲ್ಲಿ ಬೇಸ್ ಬ್ಯಾಕಪ್ ಜೊತೆ ವಾಲ್ ಫೈಲುಗಳನ್ನು (ಬದಲಾವಣೆಗಳ ಲಾಗ್) ಉಳಿಸಿಟ್ಟಿದ್ದರೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಲಾಗ್ ಬ್ಯಾಕಪ್ ಇದ್ದರೆ, ಡಿಲೀಟ್ ಆಗುವ ಸ್ವಲ್ಪ ಮುಂಚಿನ ಕ್ಷಣಕ್ಕೆ ಡೇಟಾಬೇಸ್ ಅನ್ನು ಇನ್ನೊಂದು ಜಾಗದಲ್ಲಿ ಎಬ್ಬಿಸಿ, ಆ ಒಂದು ಟೇಬಲ್ ಅನ್ನು ಮಾತ್ರ ನಕಲು ಮಾಡಿಕೊಳ್ಳಬಹುದು.

ಈಗ ವಿಷಯಕ್ಕೆ ಬರೋಣ. ಓದಲು ಸುಲಭವಾಗಲಿ ಅಂತ ಇಲ್ಲಿ ಎಲ್ಲ ಕ್ವೆರಿಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಓಡಿಸುವಾಗ ಸೆಲೆಕ್ಟ್, ಫ್ರಮ್ ಮುಂತಾದವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಕಾಲಮ್ ಹೆಸರಿನ ಹಿಂದೆ ಟೇಬಲ್ ಹೆಸರು ಹಾಕದೆ ಬರೀ ‘ಗ್ರಾಹಕ_ಐಡಿ’ ಅಂತ ಬರೆದರೆ, ಅದು ಯಾರದ್ದು ಅಂತ ಡೇಟಾಬೇಸ್ ಹುಡುಕಬೇಕು. ಹುಡುಕಾಟ ಯಾವಾಗಲೂ ಒಳಗಿನಿಂದ ಹೊರಗೆ. ಆ ಹೆಸರು ಇರುವ ಸೆಲೆಕ್ಟ್‌ನ ಫ್ರಮ್‌ನಲ್ಲಿರುವ ಟೇಬಲ್‌ಗಳನ್ನು ಮೊದಲು ನೋಡುತ್ತದೆ. ಅಲ್ಲಿ ಸಿಕ್ಕರೆ ಮುಗಿಯಿತು, ಹೊರಗೆ ಇಣುಕುವುದೂ ಇಲ್ಲ. ಸಿಗದಿದ್ದರೆ ಒಂದು ಸುತ್ತು ಹೊರಗಿನ ಕ್ವೆರಿಗೆ ಹೋಗುತ್ತದೆ. ಅಲ್ಲೂ ಸಿಗದಿದ್ದರೆ ಇನ್ನೊಂದು ಸುತ್ತು ಹೊರಗೆ. ಎಲ್ಲೂ ಸಿಗದಿದ್ದರೆ ಮಾತ್ರ ಎರರ್. ಮನೆಯಲ್ಲಿ ನಿಂತು ‘ಪುಟ್ಟೀ’ ಅಂತ ಕೂಗಿದರೆ ಮನೆಯೊಳಗಿನ ಪುಟ್ಟಿ ಬರುತ್ತಾಳೆ. ಮನೆಯಲ್ಲಿ ಪುಟ್ಟಿ ಅನ್ನುವವಳು ಯಾರೂ ಇಲ್ಲದಿದ್ದರೆ ಪಕ್ಕದ ಮನೆ ಪುಟ್ಟಿ ಓಗೊಡುತ್ತಾಳೆ. ನೀವು ಕರೆದದ್ದು ಅವಳನ್ನಲ್ಲ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಕ್ವೆರಿಯಲ್ಲಿ ಆದದ್ದು ಇದೇ. ಮುಚ್ಚಿದ_ಖಾತೆಯಲ್ಲಿ ಗ್ರಾಹಕ_ಐಡಿ ಸಿಗಲಿಲ್ಲ. ಹೊರಗಿನ ಗ್ರಾಹಕ ಟೇಬಲ್‌ನಲ್ಲಿ ಸಿಕ್ಕಿತು. ಡೇಟಾಬೇಸ್ ನಿಮ್ಮ ಕ್ವೆರಿಯನ್ನು ಹೀಗೆ ಓದಿಕೊಂಡಿತು:

ಡಿಲೀಟ್ ಫ್ರಮ್ ಗ್ರಾಹಕ
ವೇರ್ ಗ್ರಾಹಕ.ಗ್ರಾಹಕ_ಐಡಿ ಇನ್ (ಸೆಲೆಕ್ಟ್ ಗ್ರಾಹಕ.ಗ್ರಾಹಕ_ಐಡಿ ಫ್ರಮ್ ಮುಚ್ಚಿದ_ಖಾತೆ);

ಹೊರಗಿನ ಒಂದು ಸಾಲನ್ನು ತೆಗೆದುಕೊಳ್ಳಿ, ಐಡಿ 101. ಮುಚ್ಚಿದ_ಖಾತೆಯಲ್ಲಿ 40 ಸಾಲು ಇದೆ ಅಂದುಕೊಳ್ಳೋಣ. ಸಬ್‌ಕ್ವೆರಿ ಆ ಒಂದೊಂದು ಸಾಲಿಗೂ 101 ಅನ್ನೇ ಕೊಡುತ್ತದೆ, ಒಟ್ಟು 40 ಸಲ. 101 ಆ ಪಟ್ಟಿಯಲ್ಲಿ ಇದೆಯಾ? ಇದೆ. ಅಳಿಸು. ಮುಂದಿನ ಸಾಲು 102. ಈಗ ಸಬ್‌ಕ್ವೆರಿ 40 ಸಲ 102 ಕೊಡುತ್ತದೆ. ಅದನ್ನೂ ಅಳಿಸು. ಪ್ರತಿ ಸಾಲೂ ತನ್ನನ್ನೇ ತಾನು ಪಟ್ಟಿಯಲ್ಲಿ ಹುಡುಕಿಕೊಂಡು, ಸಿಕ್ಕಿದೆ ಅನ್ನುತ್ತದೆ. ಐಡಿ ನಲ್ ಆಗಿರುವ, ಅಂದರೆ ಬೆಲೆಯೇ ತುಂಬಿರದ, ಸಾಲು ಮಾತ್ರ ಉಳಿಯುತ್ತದೆ. ಯಾಕೆಂದರೆ ನಲ್ ಅನ್ನು ನಲ್ ಜೊತೆ ಹೋಲಿಸಿದರೂ ‘ಸರಿ’ ಅನ್ನುವ ಉತ್ತರ ಬರುವುದಿಲ್ಲ.

ಇಲ್ಲೊಂದು ಮೋಸ ಇದೆ, ಸ್ವಲ್ಪ ನಿಂತು ನೋಡಿ. ಮುಚ್ಚಿದ_ಖಾತೆಯಲ್ಲಿ ಒಂದೂ ಸಾಲು ಇಲ್ಲದಿದ್ದರೆ ಸಬ್‌ಕ್ವೆರಿ ಏನನ್ನೂ ಕೊಡುವುದಿಲ್ಲ, ಆಗ ಯಾವ ಗ್ರಾಹಕರೂ ಅಳಿಯುವುದಿಲ್ಲ. ಟೆಸ್ಟ್ ಡೇಟಾಬೇಸ್‌ಗಳಲ್ಲಿ ಇಂಥ ಟೇಬಲ್‌ಗಳು ಖಾಲಿ ಇರುವುದೇ ಜಾಸ್ತಿ. ಅಲ್ಲಿ ಓಡಿಸಿದವರಿಗೆ ‘0 ಸಾಲು ಅಳಿಸಲಾಗಿದೆ’ ಅಂತ ಕಾಣುತ್ತದೆ. ಪಟ್ಟಿ ಖಾಲಿ, ಅದಕ್ಕೇ ಸೊನ್ನೆ, ಸರಿಯಾಗೇ ಇದೆ ಅಂತ ನಂಬಿ ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ಡೇಟಾ ಇರುವ ಕಡೆಗೆ, ಬಿಡುತ್ತಾರೆ. ಅಲ್ಲಿ ಒಂದೇ ಒಂದು ಸಾಲು ಇದ್ದರೂ ಸಾಕು, ಇಡೀ ಟೇಬಲ್ ಹೋಗುತ್ತದೆ.

ಡಿಲೀಟ್ ಆದರೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನನಗೆ ಇದಕ್ಕಿಂತ ಹೆಚ್ಚು ಭಯ ‘ನಾಟ್ ಇನ್’ ಬಗ್ಗೆ. ಇದೇ ತಪ್ಪು ಹೆಸರನ್ನು ಹಾಕಿ, ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕುವ ರಿಪೋರ್ಟ್ ಬರೆದರೆ ಒಂದು ಸಾಲೂ ಬರುವುದಿಲ್ಲ. ಪ್ರತಿ ಐಡಿಯೂ ತನ್ನದೇ ಪಟ್ಟಿಯಲ್ಲಿ ಇದೆ, ಹಾಗಾಗಿ ‘ಇಲ್ಲ’ ಅನ್ನುವ ಷರತ್ತು ಎಂದೂ ನಿಜವಾಗುವುದಿಲ್ಲ. ‘ಹಣ ಕಟ್ಟದವರು ಯಾರು’ ಅನ್ನುವ ರಿಪೋರ್ಟ್ ಖಾಲಿ ಬಂದರೆ ಎಲ್ಲರೂ ಕಟ್ಟಿದ್ದಾರೆ ಅಂತ ಖುಷಿಪಡುತ್ತಾರೆ. ಖಾಲಿ ರಿಪೋರ್ಟನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಎಷ್ಟೋ ಕಾಲ ಅದು ಹಾಗೇ ನಡೆದುಬಿಡುತ್ತದೆ.

ಹಾಗಾದರೆ ಇಂಥ ಅಪಾಯದ ನಿಯಮ ಯಾಕೆ ಇಟ್ಟರು ಅಂತ ನೀವು ಕೇಳಬಹುದು. ಹೊರಗಿನ ಸಾಲನ್ನು ಒಳಗಿನಿಂದ ನೋಡಲು ಆಗದಿದ್ದರೆ ಸಬ್‌ಕ್ವೆರಿಯ ಅರ್ಧ ಶಕ್ತಿಯೇ ಹೋಗುತ್ತದೆ. ಈ ಕ್ವೆರಿ ನೋಡಿ:

ಸೆಲೆಕ್ಟ್ ಗ್ರಾ.ಹೆಸರು ಫ್ರಮ್ ಗ್ರಾಹಕ ಗ್ರಾ
ವೇರ್ ಎಕ್ಸಿಸ್ಟ್ಸ್ (ಸೆಲೆಕ್ಟ್ 1 ಫ್ರಮ್ ಆರ್ಡರ್ ಆ ವೇರ್ ಆ.ಗ್ರಾಹಕ_ಐಡಿ = ಗ್ರಾ.ಗ್ರಾಹಕ_ಐಡಿ);

ಆರ್ಡರ್ ಕೊಟ್ಟಿರುವ ಗ್ರಾಹಕರ ಪಟ್ಟಿ ಇದು. ‘ಗ್ರಾ’, ‘ಆ’ ಅನ್ನುವವು ಆ ಟೇಬಲ್‌ಗಳಿಗೆ ಕೊಟ್ಟ ಅಲಿಯಾಸ್, ಅಂದರೆ ಅಡ್ಡಹೆಸರು. ಒಳಗಿನ ಕ್ವೆರಿ ಹೊರಗಿನ ‘ಗ್ರಾ’ವನ್ನು ಬಳಸುತ್ತಿದೆ. ಇದನ್ನು ಕೋರಿಲೇಟೆಡ್ ಸಬ್‌ಕ್ವೆರಿ ಅನ್ನುತ್ತಾರೆ. ಎಸ್‌ಕ್ಯೂಎಲ್‌ನ ಹುಟ್ಟಿನಲ್ಲೇ ಈ ಯೋಚನೆ ಇದೆ. 1974ರಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಭಾಷೆಯನ್ನು ‘ಸೀಕ್ವೆಲ್’ ಅನ್ನುವ ಹೆಸರಿನಲ್ಲಿ ಮುಂದಿಟ್ಟಾಗ, ಒಂದು ಸೆಲೆಕ್ಟ್ ಒಳಗೆ ಇನ್ನೊಂದು ಸೆಲೆಕ್ಟ್ ಕೂರಿಸುವುದೇ ಅದರ ಮುಖ್ಯ ಗುಣವಾಗಿತ್ತು. ಇವತ್ತು ನಾವು ಸಲೀಸಾಗಿ ಬರೆಯುವ ‘ಜಾಯಿನ್ … ಆನ್’ ಸ್ಟ್ಯಾಂಡರ್ಡ್‌ಗೆ ಸೇರಿದ್ದು 1992ರಲ್ಲಿ. ಅಲ್ಲಿಯವರೆಗೆ ಫ್ರಮ್‌ನಲ್ಲಿ ಕಾಮಾ ಹಾಕಿ ಟೇಬಲ್ ಜೋಡಿಸಬೇಕಿತ್ತು, ಇಲ್ಲವೇ ಸಬ್‌ಕ್ವೆರಿ ಬರೆಯಬೇಕಿತ್ತು. ಒಳಗಿನಿಂದ ಹೊರಗೆ ನೋಡುವ ದಾರಿ ತೆರೆದೇ ಇರಬೇಕು ಅನ್ನುವುದು ಸರಿಯಾದ ತೀರ್ಮಾನ. ಆದರೆ ಟೇಬಲ್ ಹೆಸರು ಹಾಕದ ಕಾಲಮ್ಮಿಗೂ ಆ ದಾರಿ ತೆರೆದಿಟ್ಟದ್ದೇ ಎಡವಟ್ಟಾಯಿತು ಅನ್ನುವುದು ನನ್ನ ಅಭಿಪ್ರಾಯ. ‘ಹೊರಗಿನದು ಬೇಕಿದ್ದರೆ ಹೆಸರು ಹಿಡಿದು ಕೇಳು’ ಅಂತ ಕಡ್ಡಾಯ ಮಾಡಿದ್ದರೆ ನಿಮ್ಮ ಟೇಬಲ್ ಉಳಿಯುತ್ತಿತ್ತು. ಈಗ ಅದನ್ನು ಬದಲಿಸಿದರೆ ಲೋಕದ ತುಂಬ ಇರುವ ಹಳೆಯ ಕ್ವೆರಿಗಳು ಮುರಿಯುತ್ತವೆ. ಹಾಗಾಗಿ ಆ ಕಡ್ಡಾಯವನ್ನು ನಾವೇ ನಮ್ಮ ಮೇಲೆ ಹಾಕಿಕೊಳ್ಳಬೇಕು:

ಡಿಲೀಟ್ ಫ್ರಮ್ ಗ್ರಾಹಕ
ವೇರ್ ಗ್ರಾಹಕ.ಗ್ರಾಹಕ_ಐಡಿ ಇನ್ (ಸೆಲೆಕ್ಟ್ ಮು.ಗ್ರಾಹಕ_ಐಡಿ ಫ್ರಮ್ ಮುಚ್ಚಿದ_ಖಾತೆ ಮು);

ಮುಚ್ಚಿದ_ಖಾತೆಗೆ ‘ಮು’ ಅಂತ ಅಲಿಯಾಸ್ ಕೊಟ್ಟು, ಕಾಲಮ್ ಹಿಂದೆ ಅದನ್ನು ಹಾಕಿದ್ದೇನೆ. ಈಗ ಡೇಟಾಬೇಸ್‌ಗೆ ಬೇರೆ ಕಡೆ ಹುಡುಕುವ ಸ್ವಾತಂತ್ರ್ಯ ಇಲ್ಲ. ‘ಮು’ವಿನಲ್ಲಿ ಗ್ರಾಹಕ_ಐಡಿ ಇಲ್ಲ, ತಕ್ಷಣ ಎರರ್. ಒಂದು ಸಾಲೂ ಅಳಿಯುವುದಿಲ್ಲ. ‘ಮು.’ ಅನ್ನುವ ಈ ಚಿಕ್ಕ ಸೇರ್ಪಡೆಯನ್ನು ಬರೀ ಚೆಂದಕ್ಕೆ ಹಾಕುವುದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಡೇಟಾಬೇಸ್‌ಗೆ ಹೇಳಲು ಇರುವ ದಾರಿ ಅದೊಂದೇ. ಟೇಬಲ್ ಒಂದೇ ಇದ್ದರೂ, ಕ್ವೆರಿ ಎರಡೇ ಸಾಲಿನದಾದರೂ, ಸಬ್‌ಕ್ವೆರಿ ಬಂತು ಅಂದರೆ ಅದರೊಳಗಿನ ಪ್ರತಿ ಕಾಲಮ್ಮಿಗೂ ಅಲಿಯಾಸ್ ಹಾಕಿ. ಹೊರಗಿನ ಗ್ರಾಹಕ ಟೇಬಲ್‌ಗೆ ಅಲಿಯಾಸ್ ಕೊಡದೆ ಪೂರ್ತಿ ಹೆಸರನ್ನೇ ಬಳಸಿದ್ದಕ್ಕೂ ಕಾರಣ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಟೇಬಲ್‌ನ ಡಿಲೀಟ್‌ಗೆ ಅಲಿಯಾಸ್ ಕೊಡಲು ಬಂದದ್ದು 8.0.16ರಿಂದ ಮಾತ್ರ.

ಇದರ ತಿರುಗು ಮುರುಗು ತಪ್ಪೂ ಇದೆ, ಅದು ಇನ್ನೂ ಸಾಮಾನ್ಯ. ನಿಮ್ಮ ವಿಷಯದಲ್ಲಿ ಒಳಗಿನದು ಅಂತ ಬರೆದದ್ದು ಹೊರಗೆ ಹೋಯಿತು. ಇಲ್ಲಿ ಹೊರಗಿನದು ಅಂತ ಬರೆದದ್ದು ಒಳಗೇ ಉಳಿದುಬಿಡುತ್ತದೆ. ತಮ್ಮ ವಿಭಾಗದ ಸರಾಸರಿಗಿಂತ ಜಾಸ್ತಿ ಸಂಬಳ ಪಡೆಯುವ ನೌಕರರು ಯಾರು ಅಂತ ನೋಡಲು ಹೀಗೆ ಬರೆದರು ಅಂತಿಟ್ಟುಕೊಳ್ಳಿ:

ಸೆಲೆಕ್ಟ್ ಹೆಸರು ಫ್ರಮ್ ನೌಕರ
ವೇರ್ ಸಂಬಳ > (ಸೆಲೆಕ್ಟ್ ಎವಿಜಿ(ಸಂಬಳ) ಫ್ರಮ್ ನೌಕರ ವೇರ್ ವಿಭಾಗ = ವಿಭಾಗ);

ಬರೆದವರ ಮನಸ್ಸಿನಲ್ಲಿ ಎಡಗಡೆಯ ವಿಭಾಗ ಒಳಗಿನದು, ಬಲಗಡೆಯದು ಹೊರಗಿನದು. ಡೇಟಾಬೇಸ್‌ಗೆ ಎರಡೂ ಒಳಗೇ ಸಿಕ್ಕಿದವು. ‘ವಿಭಾಗ = ವಿಭಾಗ’ ಅನ್ನುವುದು, ನಲ್ ಬಿಟ್ಟರೆ, ಎಲ್ಲ ಸಾಲಿಗೂ ನಿಜ. ಕೊನೆಗೆ ಸಿಗುವುದು ಇಡೀ ಕಂಪನಿಯ ಸರಾಸರಿ. ಉತ್ತರ ನೋಡಲು ಸರಿಯಾಗೇ ಕಾಣುತ್ತದೆ, ಹೆಸರುಗಳು ಬರುತ್ತವೆ, ಸಂಖ್ಯೆಗಳೂ ನಂಬುವಂತಿರುತ್ತವೆ. ಇಲ್ಲಿ ಟೇಬಲ್ ಹೆಸರು ಹಾಕಿ ‘ನೌಕರ.ವಿಭಾಗ = ನೌಕರ.ವಿಭಾಗ’ ಅಂದರೂ ಉಪಯೋಗ ಇಲ್ಲ ಅನ್ನುವುದನ್ನು ಗಮನಿಸಿ. ಟೇಬಲ್ ಹೆಸರನ್ನೂ ಒಳಗಿನಿಂದಲೇ ಹುಡುಕುವುದು. ಒಳಗೆ ಒಂದು ನೌಕರ ಇರುವುದರಿಂದ ಹೊರಗಿನ ನೌಕರ ಮರೆಯಾಗಿಬಿಡುತ್ತದೆ. ಎರಡಕ್ಕೂ ಬೇರೆ ಬೇರೆ ಅಲಿಯಾಸ್ ಕೊಡಲೇಬೇಕು:

ಸೆಲೆಕ್ಟ್ ನೌ.ಹೆಸರು ಫ್ರಮ್ ನೌಕರ ನೌ
ವೇರ್ ನೌ.ಸಂಬಳ > (ಸೆಲೆಕ್ಟ್ ಎವಿಜಿ(ಒಳ.ಸಂಬಳ) ಫ್ರಮ್ ನೌಕರ ಒಳ ವೇರ್ ಒಳ.ವಿಭಾಗ = ನೌ.ವಿಭಾಗ);

‘ಒಂದೇ ಹೆಸರು ಎರಡು ಕಡೆ ಇದ್ದರೆ ಡೇಟಾಬೇಸ್ ಆ್ಯಂಬಿಗ್ಯುಯಸ್ ಅಂತ ಎರರ್ ಕೊಡುತ್ತದಲ್ಲ?’ ಅಂತ ಅನಿಸಬಹುದು. ಆ ಎರರ್ ಬರುವುದು ಒಂದೇ ಸುತ್ತಿನೊಳಗೆ, ಅಂದರೆ ಒಂದೇ ಫ್ರಮ್‌ನ ಎರಡು ಟೇಬಲ್‌ಗಳಲ್ಲಿ ಅದೇ ಹೆಸರು ಸಿಕ್ಕಾಗ ಮಾತ್ರ. ಒಳಗೊಂದು ಹೊರಗೊಂದು ಇದ್ದರೆ ಅದು ಗೊಂದಲ ಅಂತ ಲೆಕ್ಕವೇ ಇಲ್ಲ. ಸುಮ್ನೆ ಒಳಗಿನದನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ.

ಇದರಿಂದ ಇವತ್ತು ಸರಿಯಾಗಿರುವ ಕ್ವೆರಿ ನಾಳೆ ತಪ್ಪಾಗಬಹುದು. ಮೇಲಿನ ಆರ್ಡರ್ ಕ್ವೆರಿಯ ಒಳಗೆ ‘ಆ್ಯಂಡ್ ಊರು = 'ಮೈಸೂರು'’ ಅಂತ ಅಲಿಯಾಸ್ ಇಲ್ಲದೆ ಸೇರಿಸಿದ್ದೀರಿ ಅಂದುಕೊಳ್ಳಿ. ಊರು ಇರುವುದು ಗ್ರಾಹಕ ಟೇಬಲ್‌ನಲ್ಲಿ ಮಾತ್ರ, ಹಾಗಾಗಿ ಮೈಸೂರಿನ ಗ್ರಾಹಕರು ಸಿಗುತ್ತಾರೆ. ಒಂದು ದಿನ ಯಾರೋ ಸರಕು ತಲುಪಿಸುವ ಜಾಗಕ್ಕಾಗಿ ಆರ್ಡರ್ ಟೇಬಲ್‌ಗೂ ‘ಊರು’ ಅನ್ನುವ ಕಾಲಮ್ ಸೇರಿಸುತ್ತಾರೆ. ನಿಮ್ಮ ಕ್ವೆರಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ ಮರುಕ್ಷಣದಿಂದ ಅದು ಮೈಸೂರಿಗೆ ಸರಕು ತರಿಸಿಕೊಂಡವರನ್ನು ಕೊಡುತ್ತದೆ. ಕಾಲಮ್ ಸೇರಿಸಿದವರಿಗೆ ನಿಮ್ಮ ಕ್ವೆರಿ ಇರುವುದು ಗೊತ್ತಿಲ್ಲ, ನಿಮಗೆ ಅವರು ಸೇರಿಸಿದ್ದು ಗೊತ್ತಿಲ್ಲ. ಆ್ಯಪ್‌ನಿಂದ ಹೋಗುವ ಕ್ವೆರಿಗಳಿಗೆಲ್ಲ ಈ ಅಪಾಯ ಇದೆ. ಪೋಸ್ಟ್‌ಗ್ರೆಸ್‌ನ ವ್ಯೂಗೆ (ಹೆಸರು ಕೊಟ್ಟು ಉಳಿಸಿಟ್ಟ ಸೆಲೆಕ್ಟ್‌ಗೆ) ಇಲ್ಲ. ವ್ಯೂ ಮಾಡಿದ ಹೊತ್ತಿನಲ್ಲೇ ಯಾವ ಹೆಸರು ಯಾರದ್ದು ಅಂತ ತೀರ್ಮಾನಿಸಿ, ಆ ತೀರ್ಮಾನವನ್ನೇ ಅದು ಉಳಿಸಿಟ್ಟುಕೊಳ್ಳುತ್ತದೆ.

ಫ್ರಮ್‌ನಲ್ಲಿ ಕೂರುವ ಸಬ್‌ಕ್ವೆರಿಯದು ಬೇರೆ ನಿಯಮ. ಅದಕ್ಕೆ ಅದೇ ಫ್ರಮ್‌ನಲ್ಲಿ ಪಕ್ಕಕ್ಕಿರುವ ಟೇಬಲ್‌ಗಳು ಕಾಣುವುದಿಲ್ಲ. ಕಾಣಬೇಕಿದ್ದರೆ ಮುಂದೆ ‘ಲ್ಯಾಟರಲ್’ ಅಂತ ಬರೆಯಬೇಕು. ಪೋಸ್ಟ್‌ಗ್ರೆಸ್ 9.3ರಿಂದ, ಮೈಎಸ್‌ಕ್ಯೂಎಲ್ 8.0.14ರಿಂದ ಇದು ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರಿಂದ ‘ಕ್ರಾಸ್ ಅಪ್ಲೈ’ ಈ ಕೆಲಸ ಮಾಡುತ್ತಿದೆ. ಬೇಕು ಅಂತ ಕೇಳಿದರೆ ಮಾತ್ರ ಬಾಗಿಲು ತೆರೆಯುವ ಈ ಏರ್ಪಾಡು ನನಗೆ ತುಂಬ ಇಷ್ಟ.

ಸಮ್, ಮ್ಯಾಕ್ಸ್, ಎವಿಜಿ ಥರದ ಅಗ್ರಿಗೇಟ್ (ಹಲವು ಸಾಲಿನಿಂದ ಒಂದೇ ಉತ್ತರ ಕೊಡುವ ಫಂಕ್ಷನ್) ಇದ್ದಾಗ ಇನ್ನೊಂದು ವಿಚಿತ್ರ ಆಗುತ್ತದೆ. ಸಬ್‌ಕ್ವೆರಿಯಲ್ಲಿ ‘ಮ್ಯಾಕ್ಸ್(ಮೊತ್ತ)’ ಅಂತ ಬರೆದಿದ್ದೀರಿ, ಮೊತ್ತ ಒಳಗಿನ ಟೇಬಲ್‌ನಲ್ಲಿ ಇಲ್ಲ, ಹೊರಗಿನದರಲ್ಲಿ ಇದೆ. ಆಗ ಮೊತ್ತ ಮಾತ್ರ ಅಲ್ಲ, ಆ ಮ್ಯಾಕ್ಸ್ ಕೂಡ ಹೊರಗಿನ ಕ್ವೆರಿಗೆ ಸೇರಿಹೋಗುತ್ತದೆ. ಸಬ್‌ಕ್ವೆರಿ ಇರುವುದು ಹೊರಗಿನ ವೇರ್‌ನಲ್ಲಾದರೆ, ಪೋಸ್ಟ್‌ಗ್ರೆಸ್ ‘ವೇರ್‌ನಲ್ಲಿ ಅಗ್ರಿಗೇಟ್ ಬಳಸುವ ಹಾಗಿಲ್ಲ’ ಅನ್ನುತ್ತದೆ. ನಾನು ವೇರ್‌ನಲ್ಲಿ ಎಲ್ಲಿ ಬರೆದೆ, ಸಬ್‌ಕ್ವೆರಿಯ ಸೆಲೆಕ್ಟ್‌ನಲ್ಲಿ ತಾನೇ ಬರೆದದ್ದು ಅಂತ ತಲೆ ಕೆರೆದುಕೊಳ್ಳುವಂತಾಗುತ್ತದೆ. ಆ ಎರರ್ ಕಂಡಾಗ ಮೊದಲು ಕಾಲಮ್ ಹೆಸರು ತಪ್ಪಿದೆಯಾ ನೋಡಿ.

ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿಡುವ ಪ್ರೋಗ್ರಾಂ) ಬರೆಯುವವರಿಗೆ ಇದೇ ಸಮಸ್ಯೆ ವೇರಿಯಬಲ್ ರೂಪದಲ್ಲಿ ಎದುರಾಗುತ್ತದೆ. ವೇರಿಯಬಲ್‌ಗೂ ಕಾಲಮ್ಮಿಗೂ ಒಂದೇ ಹೆಸರಿಟ್ಟು ‘ವೇರ್ ಹೆಸರು = ಹೆಸರು’ ಅಂದರೆ ಯಾವುದು ಯಾವುದು? ಒರಾಕಲ್‌ನಲ್ಲಿ ಕಾಲಮ್ಮಿಗೆ ಮೊದಲ ಮಣೆ, ಹಾಗಾಗಿ ಷರತ್ತು ಎಲ್ಲ ಸಾಲಿಗೂ ನಿಜವಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಉಲ್ಟಾ, ಅಲ್ಲಿ ವೇರಿಯಬಲ್ ಗೆಲ್ಲುತ್ತದೆ. ಪೋಸ್ಟ್‌ಗ್ರೆಸ್ 9.0ರಿಂದ ಎರಡನ್ನೂ ಒಪ್ಪದೆ ಎರರ್ ಕೊಡುತ್ತದೆ, ಮೂರರಲ್ಲಿ ಸರಿಯಾದ ನಡೆ ಅದೇ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವೇರಿಯಬಲ್‌ಗೆ ಮುಂದೆ @ ಇರಲೇಬೇಕಾದ್ದರಿಂದ ಈ ಜಗಳವೇ ಇಲ್ಲ. ಬೇರೆ ಕಡೆ ವೇರಿಯಬಲ್ ಹೆಸರಿನ ಮುಂದೆ ‘ವಿ_’ ಅಂತ ಏನಾದರೂ ಸೇರಿಸುವ ರೂಢಿ ಇಟ್ಟುಕೊಳ್ಳಿ.

ಬ್ರಾಕೆಟ್ ಒಳಗಿನ ಸೆಲೆಕ್ಟ್ ಅನ್ನು ಬೇರೆಯಾಗಿ ಓಡಿಸಿ ನೋಡಿದಿರಲ್ಲ, ಅದು ಒಳ್ಳೆಯ ಪರೀಕ್ಷೆ. ಅದನ್ನು ಡಿಲೀಟ್‌ಗಿಂತ ಮುಂಚೆ ಮಾಡಿ. ಜೊತೆಗೆ ‘ಡಿಲೀಟ್’ ಜಾಗದಲ್ಲಿ ‘ಸೆಲೆಕ್ಟ್ ಕೌಂಟ್(*)’ ಹಾಕಿ ಓಡಿಸಿ. ಅಳಿಯಬೇಕಾದದ್ದು 40ರ ಆಸುಪಾಸು, ಬಂದದ್ದು ಟೇಬಲ್‌ನ ಒಟ್ಟು ಸಾಲುಗಳಷ್ಟು ಅಂದರೆ ಅಲ್ಲೇ ಗೊತ್ತಾಗುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡಿಯೇ ಡಿಲೀಟ್ ಮಾಡಿ, ಎಷ್ಟು ಸಾಲು ಹೋಯಿತು ನೋಡಿ, ಆಮೇಲೆ ಕಮಿಟ್ ಮಾಡಿ. ಆದರೆ ಕೋರಿಲೇಟೆಡ್ ಸಬ್‌ಕ್ವೆರಿಯನ್ನು ಹೀಗೆ ಬೇರೆಯಾಗಿ ಓಡಿಸಲು ಬರುವುದಿಲ್ಲ, ಹೊರಗಿನ ಹೆಸರು ಇಲ್ಲದೆ ಅದು ಎರರ್ ಕೊಡಲೇಬೇಕು. ಅಂಥ ಕಡೆ ಡೇಟಾಬೇಸ್ ಏನು ಅರ್ಥ ಮಾಡಿಕೊಂಡಿದೆ ಅಂತ ಅದನ್ನೇ ಕೇಳಬಹುದು.

ಪೋಸ್ಟ್‌ಗ್ರೆಸ್‌ನಲ್ಲಿ ಕ್ವೆರಿಯ ಸೆಲೆಕ್ಟ್ ರೂಪವನ್ನು ಒಂದು ತಾತ್ಕಾಲಿಕ ವ್ಯೂ ಮಾಡಿ, ಅದರ ವಿವರಣೆಯನ್ನು ತೆಗೆದು ನೋಡಿ. ಸಬ್‌ಕ್ವೆರಿಯೊಳಗಿನ ಪ್ರತಿ ಕಾಲಮ್ಮಿನ ಹಿಂದೆಯೂ ಟೇಬಲ್ ಹೆಸರು ಸೇರಿಸಿ ತೋರಿಸುತ್ತದೆ. ನಿಮ್ಮ ಕ್ವೆರಿ ಕೊಟ್ಟರೆ ಒಳಗೆ ‘ಗ್ರಾಹಕ.ಗ್ರಾಹಕ_ಐಡಿ’ ಅಂತ ಸ್ಪಷ್ಟವಾಗಿ ಕಾಣುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಆ ಸೆಲೆಕ್ಟ್ ರೂಪದ ಮುಂದೆ ‘ಎಕ್ಸ್‌ಪ್ಲೇನ್’ ಹಾಕಿ ಓಡಿಸಿ, ಆಮೇಲೆ ‘ಶೋ ವಾರ್ನಿಂಗ್ಸ್’ ಕೊಡಿ. 1276 ಸಂಖ್ಯೆಯ ಒಂದು ಟಿಪ್ಪಣಿ ಬರುತ್ತದೆ: 2ನೇ ಸೆಲೆಕ್ಟ್‌ನಲ್ಲಿ ಬರೆದ ಗ್ರಾಹಕ_ಐಡಿ 1ನೇ ಸೆಲೆಕ್ಟ್‌ನಲ್ಲಿ ಸಿಕ್ಕಿತು ಅಂತ ಅದರ ಅರ್ಥ. ನೀವು ಬೇಕೆಂದೇ ಹೊರಗಿನ ಕಾಲಮ್ ಬಳಸಿದ್ದರೂ ಈ ಟಿಪ್ಪಣಿ ಬರುತ್ತದೆ, ಹೆದರಬೇಡಿ. ಬಳಸಿಲ್ಲ ಅಂತ ನೀವು ನಂಬಿರುವ ಕಡೆ ಬಂದರೆ ಡಿಲೀಟ್ ಓಡಿಸಬೇಡಿ.